ಒಣಗುವ ಹೊತ್ತೂ ಕೆಲಸದ ಹೊತ್ತೇ: ಹಬ್ಬದ ಕೈಗೆಲಸ, ನೀವು ಕೇಳಿದ್ದು

ಗೌರಿ ಹಬ್ಬದಿಂದ ಸಂಕ್ರಾಂತಿಯವರೆಗೆ ಮನೆಯಲ್ಲಿ, ಶಾಲೆಯಲ್ಲಿ ಕೈಯಾರೆ ಮಾಡಿ ಕೊಡುವ ವಸ್ತುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರು: ಬಿರುಕು ಬಿಟ್ಟಿತು, ಸುಕ್ಕಾಯಿತು, ಹರಡಿತು, ಉದುರಿತು. ಇವೆಲ್ಲದರ ಹಿಂದಿರುವುದು ನೀರು. ನಮ್ಮ ದೊಡ್ಡ ಹಬ್ಬಗಳಲ್ಲಿ ಹೆಚ್ಚಿನವು ಮಳೆಗಾಲದ ನಡುವೆಯೋ ಅದರ ಕೊನೆಗೋ ಬರುತ್ತವೆ. ಮಣ್ಣು, ಕಾಗದ, ಹತ್ತಿ, ಬಿದಿರು ನಾಲ್ಕೂ ಆ ತೇವವನ್ನು ಹೀರುವ ಸಾಮಾನುಗಳೇ. ಒಣಗಲು ಎಷ್ಟು ದಿನ ಬೇಕು ಎಂದು ಮೊದಲು ಲೆಕ್ಕ ಹಾಕಿ ಆಮೇಲೆ ಕೆಲಸ ಶುರುಮಾಡಿದರೆ ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ.

ಪ್ರಶ್ನೆ: ದೀಪಾವಳಿಗೆ ಏಳನೇ ತರಗತಿಯ 35 ಮಕ್ಕಳಿಗೆ ಗೂಡುದೀಪ (ಕಡ್ಡಿ, ಕಾಗದದ ಆಕಾಶಬುಟ್ಟಿ) ಕಲಿಸಬೇಕು. 40 ನಿಮಿಷದ ಎರಡು ಪಿರಿಯಡ್ ಸಿಕ್ಕಿವೆ. ಹೋದ ವರ್ಷ ಚೌಕಟ್ಟು ಓರೆಯಾಯಿತು, ಕಾಗದವೆಲ್ಲ ಸುಕ್ಕುಗಟ್ಟಿತು. ಎಲ್ಲಿ ತಪ್ಪಿದೆವು?
– ಶಿಕ್ಷಕಿ, ಪುತ್ತೂರು

ಉತ್ತರ: ಎರಡು ಪಿರಿಯಡ್ ಸಾಲದು. ನಾಲ್ಕು ಕೇಳಿ ಪಡೆಯಿರಿ, ಅದೂ ನಾಲ್ಕು ಬೇರೆ ಬೇರೆ ದಿನ. ಮೊದಲ ದಿನ ಚೌಕ ಕಟ್ಟುವುದು, ಎರಡನೇ ದಿನ ಚೌಕಗಳನ್ನು ಜೋಡಿಸುವುದು, ಮೂರನೇ ದಿನ ಕಾಗದ, ನಾಲ್ಕನೇ ದಿನ ಬಾಲ ಮತ್ತು ಬಲ್ಬು. ನಡುವಿನ ರಾತ್ರಿಗಳಲ್ಲಿ ಅಂಟು ತಾನಾಗಿ ಒಣಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಲು ಹೊರಟರೆ ಹಸಿ ಗಂಟಿನ ಮೇಲೆ ಹಸಿ ಕಾಗದ ಕೂರುತ್ತದೆ. ಹೋದ ವರ್ಷ ಆಗಿದ್ದು ಬಹುಶಃ ಅದೇ.

ಮಕ್ಕಳನ್ನು ಐದೈದು ಜನರ ಏಳು ಗುಂಪು ಮಾಡಿ, ಗುಂಪಿಗೊಂದು ದೀಪ. ನಿಮ್ಮ ಕರಾವಳಿಯ ಸಾಂಪ್ರದಾಯಿಕ ಗೂಡುದೀಪದ ಆಕಾರ ನೋಡಲು ಜಟಿಲ, ಕಟ್ಟಲು ಸುಲಭ: ಅದರೊಳಗೆ ಇರುವುದು ಒಂದೇ ಅಳತೆಯ ಆರು ಚೌಕ ಮಾತ್ರ. ಚೌಕಗಳ ಮೂಲೆಗೆ ಮೂಲೆ ಕಟ್ಟಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿ ಮೂಡುತ್ತವೆ. ಒಂದು ದೀಪಕ್ಕೆ 24 ಕಡ್ಡಿ. ಪ್ರತಿ ಕಡ್ಡಿ 22 ಸೆಂ.ಮೀ., ಎರಡೂ ತುದಿಯಲ್ಲಿ 1 ಸೆಂ.ಮೀ. ಬಿಟ್ಟು ಪೆನ್ಸಿಲ್ ಗುರುತು. ಗಂಟು ಆ ಗುರುತಿನ ಮೇಲೇ ಬೀಳಬೇಕು, ಆಗ ಒಳ ಅಳತೆ ಎಲ್ಲ ಕಡೆ 20 ಸೆಂ.ಮೀ. ಬರುತ್ತದೆ. ಇದರ ಜೊತೆಗೆ ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಅಡ್ಡಡ್ಡ ಹಾಕಲು 30 ಸೆಂ.ಮೀ.ನ ನಾಲ್ಕು ಕಡ್ಡಿ. ಏಳು ದೀಪಕ್ಕೆ ಒಟ್ಟು 196. ಮುರಿಯುವುದಕ್ಕೂ ಸೇರಿಸಿ 220 ಇಟ್ಟುಕೊಳ್ಳಿ.

ಮಕ್ಕಳ ಕೈಗೆ ಬಿದಿರು ಸೀಳಲು ಕತ್ತಿ ಕೊಡಬೇಡಿ. ಅಂಗಡಿಯಲ್ಲಿ ಸಿಗುವ 30 ಸೆಂ.ಮೀ. ಉದ್ದ, 3 ಮಿ.ಮೀ. ದಪ್ಪದ ಕಬಾಬ್ ಕಡ್ಡಿ ಸಾಕು. ಚೂಪು ತುದಿಯನ್ನು ಮೊದಲೇ ಕತ್ತರಿಸಿ ಕೊಡಿ. ಮಾಮೂಲಿ ಕತ್ತರಿಯಿಂದ ಕಡ್ಡಿ ಸೀಳಿಹೋಗುತ್ತದೆ, ಗಿಡ ಸವರುವ ಕತ್ತರಿ ಬಳಸಿ. ತೆಂಗಿನ ಹಿಡಿಕಡ್ಡಿ ಅಗ್ಗ ನಿಜ, ಆದರೆ ಒಂದು ತುದಿ ದಪ್ಪ, ಇನ್ನೊಂದು ತೆಳು, ಚೌಕ ನೆಟ್ಟಗೆ ಬರುವುದಿಲ್ಲ. ಮೂಲೆಗಳಿಗೆ ಮೊದಲು ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿಸಿ. ಮಕ್ಕಳ ಬೆರಳಿಗೆ ಅದು ಸುಲಭ, ತಪ್ಪಿದರೆ ಸರಿಸಬಹುದು. ಎಲ್ಲ ಸರಿ ಬಂದ ಮೇಲೆ ಅದರ ಮೇಲೆ ಹತ್ತಿಯ ದಾರ ನಾಲ್ಕು ಸುತ್ತು, ಒಂದು ಹನಿ ಫೆವಿಕಾಲ್.

ಜೋಡಿಸುವ ಕ್ರಮ ಹೀಗೆ. ನಾಲ್ಕು ಚೌಕಗಳನ್ನು ಗಾಳಿಪಟದ ಹಾಗೆ ಮೂಲೆ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ ಬಳೆಯಂತೆ ಸುತ್ತು ಮುಚ್ಚಿ. ಈಗ ಮೇಲೆ ನಾಲ್ಕು ಮೂಲೆ, ಕೆಳಗೆ ನಾಲ್ಕು ಮೂಲೆ ಉಳಿದಿವೆ. ಮೇಲಿನವಕ್ಕೆ ಐದನೇ ಚೌಕ, ಕೆಳಗಿನವಕ್ಕೆ ಆರನೆಯದು. ಅಷ್ಟೆ.

ಆಗಲೂ ಗೂಡು ಅಲುಗಾಡುತ್ತದೆ, ಗಾಬರಿ ಬೇಡ. ತ್ರಿಕೋನ ವಾಲುವುದಿಲ್ಲ, ಚೌಕ ವಾಲುತ್ತದೆ. ಅದಕ್ಕೇ ಮೇಲೆ ಕೆಳಗೆ ಅಡ್ಡಕಡ್ಡಿ ಹಾಕುವುದು. ಪಕ್ಕದ ನಾಲ್ಕು ಚೌಕಗಳನ್ನು ಬಿಗಿ ಹಿಡಿಯುವುದು ಕಾಗದ. ಆದ್ದರಿಂದ ಕಾಗದವನ್ನು ಚೌಕಗಳಿಂದಲೇ ಶುರುಮಾಡಬೇಕು. ಒಬ್ಬ ಮಗು ಎರಡು ಕೈಯಲ್ಲಿ ಚೌಕಟ್ಟು ನೆಟ್ಟಗೆ ಹಿಡಿದಿರಲಿ, ಇನ್ನೊಬ್ಬರು ಅಂಟಿಸಲಿ. ಮೊದಲು ತ್ರಿಕೋನ ಅಂಟಿಸಿದರೆ ವಾಲಿದ ಚೌಕ ವಾಲಿದಂತೆಯೇ ಒಣಗಿ ನಿಲ್ಲುತ್ತದೆ. ನಿಮ್ಮ ಚೌಕಟ್ಟು ಓರೆಯಾದದ್ದು ಇಲ್ಲೇ ಇರಬೇಕು. ಕಾಗದದ ಅಳತೆ: 22 ಸೆಂ.ಮೀ.ನ ಚೌಕ ನಾಲ್ಕು, ಬದಿ 23.5 ಸೆಂ.ಮೀ. ಇರುವ ತ್ರಿಕೋನ ಎಂಟು. ಸುತ್ತಲೂ 1 ಸೆಂ.ಮೀ. ಮಡಚಲು ಸಿಗುತ್ತದೆ. ಮೇಲಿನ, ಕೆಳಗಿನ ಚೌಕ ತೆರೆದಿರಲಿ. ಬಲ್ಬಿನ ಬಿಸಿ ಮೇಲೆ ಹೋಗಲೂ ಕೈ ಒಳಗೆ ಹಾಕಲೂ ಅದು ಬೇಕು.

ಸುಕ್ಕಿನ ವಿಷಯ. ಅಂಟಿನ ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಒಂದೊಂದು ಕಡೆ ಒಂದೊಂದು ರೀತಿ ಕುಗ್ಗುತ್ತದೆ. ಆದ್ದರಿಂದ ಅಂಟನ್ನು ಕಾಗದಕ್ಕೆ ಹಚ್ಚಬೇಡಿ, ಕಡ್ಡಿಗೆ ಹಚ್ಚಿ. ಗಾಳಿಪಟದ ತೆಳು ಕಾಗದಕ್ಕೆ ಮೈದಾ ಗಂಜಿ ಒಳ್ಳೆಯದು: 50 ಗ್ರಾಂ ಮೈದಾವನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 250 ಮಿ.ಲೀ. ನೀರಿಗೆ ಸುರಿದು ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ತಿರುವಿ. ಬಿಳಿ ಹೋಗಿ ಹೊಳಪು ಬಂದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಬಳಸಿ. ಹುಳ ಬಾರದಿರಲೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ತರಗತಿಗೆ ತರಲೇಬೇಡಿ. ಗಂಜಿಯನ್ನು ಆಯಾ ದಿನವೇ ಕಾಯಿಸಿಕೊಂಡರೆ ಏನೂ ಹಾಕಬೇಕಾಗಿಲ್ಲ.

ಪೂರ್ತಿ ಒಣಗಿದ ಮೇಲೂ ಸ್ವಲ್ಪ ಸಡಿಲವಿದ್ದರೆ ಸ್ಪ್ರೇ ಬಾಟಲಿಯಿಂದ ಅರ್ಧ ಮೀಟರ್ ದೂರದಲ್ಲಿ ನಿಂತು ಮಂಜಿನಂತೆ ನೀರು ಹಾಯಿಸಿ. ಒಣಗುತ್ತಾ ಕಾಗದ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಕೆಲವು ಕಾಗದಗಳ ಬಣ್ಣ ನೀರಿಗೆ ಬಿಡುತ್ತದೆ, ಮೊದಲು ಒಂದು ತುಂಡಿನ ಮೇಲೆ ಹಾಯಿಸಿ ನೋಡಿ.

ಬೆಳಕಿಗೆ 3ರಿಂದ 5 ವಾಟ್‌ನ ಎಲ್‌ಇಡಿ ಬಲ್ಬು, ಮೇಲಿನ ಅಡ್ಡಕಡ್ಡಿಯಿಂದ ಗೂಡಿನ ನಡುಮಧ್ಯಕ್ಕೆ ಇಳಿಬಿಡಿ. ಮಕ್ಕಳು ಒಯ್ಯುವ ದೀಪದಲ್ಲಿ ಮೇಣದಬತ್ತಿ ಬೇಡವೇ ಬೇಡ.

ಪ್ರಶ್ನೆ: ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡಿ ನೆಂಟರಿಗೆ ಕೊಡುವ ಆಸೆ. ಹತ್ತು ಗೆಜ್ಜೆ ಬರುವಷ್ಟರಲ್ಲಿ ಎಳೆ ತುಂಡಾಗುತ್ತದೆ. ಕುಂಕುಮ ಇಟ್ಟರೆ ಸುತ್ತ ಗುಲಾಬಿಯಾಗಿ ಹರಡುತ್ತದೆ.
– ಗೃಹಿಣಿ, ತುಮಕೂರು

ಉತ್ತರ: ನೀವು ಬಳಸುತ್ತಿರುವುದು ಔಷಧಿ ಅಂಗಡಿಯ ಹತ್ತಿಯ ಸುರುಳಿ ಇರಬೇಕು. ಗಾಯದ ರಕ್ತ ಹೀರಲೆಂದು ಆ ಹತ್ತಿಯ ಸಹಜ ಮೇಣವನ್ನು ತೆಗೆದಿರುತ್ತಾರೆ. ಬೆರಳಿನ ತೇವವನ್ನು ಒಂದೇ ಸಲ ಕುಡಿದು ಅದು ಜೋತುಬೀಳುತ್ತದೆ, ಕುಂಕುಮದ ನೀರನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ. ಬೀಜ ಬಿಡಿಸಿದ ಅರಳೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತನ್ನಿ. ಅರ್ಧ ಗಂಟೆ ಬಿಸಿಲಿಗಿಟ್ಟು, ಬೆರಳಲ್ಲಿ ಬಿಡಿಸಿ, ಕಸ ಆರಿಸಿಕೊಳ್ಳಿ.

ಇನ್ನು ಎಳೆಯುವ ಕೈ. ಅಂಗೈಯಗಲದ ಹಾಸು ಮಾಡಿ, ಅದನ್ನು ಉದ್ದಕ್ಕೆ ಸಡಿಲವಾಗಿ ಸುರುಳಿ ಸುತ್ತಿ ಕಿರುಬೆರಳ ದಪ್ಪದ ಎಳೆ ತನ್ನಿ. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಎರಡು ಚಮಚ ಹಾಲು, ಅಷ್ಟೇ ನೀರು. ಹೆಬ್ಬೆರಳು, ತೋರುಬೆರಳಿನ ತುದಿ ಮಾತ್ರ ಅದ್ದಿ ಒರೆಸಿಕೊಳ್ಳಿ, ಹನಿ ತೊಟ್ಟಿಕ್ಕಬಾರದು. ಎಳೆಯನ್ನು ಚಿವುಟಿ, ಚಿವುಟಿದಲ್ಲಿ ಒಂದು ಸುತ್ತು ಹೊಸೆಯಿರಿ. ಕುತ್ತಿಗೆ ದಾರದಷ್ಟು ಸಣ್ಣಗಾಗುತ್ತದೆ, ಪಕ್ಕದ ಹತ್ತಿ ಗುಂಡಗೆ ಉಬ್ಬುತ್ತದೆ. ಅದೇ ಗೆಜ್ಜೆ. ಎರಡು ಸೆಂ.ಮೀ. ಬಿಟ್ಟು ಮುಂದಿನ ಚಿವುಟು. ಇಲ್ಲಿ ಒಂದು ಗುಟ್ಟಿದೆ: ಪ್ರತಿ ಸಲವೂ ಒಂದೇ ದಿಕ್ಕಿಗೆ ಹೊಸೆಯಬೇಕು. ಒಮ್ಮೆ ಆಚೆ, ಒಮ್ಮೆ ಈಚೆ ಹೊಸೆದರೆ ಹಿಂದಿನ ಹುರಿ ಬಿಚ್ಚಿಕೊಂಡು ಎಳೆ ಅಲ್ಲೇ ಕಿತ್ತುಬರುತ್ತದೆ. ಬೆರಳು ಒದ್ದೆ ಜಾಸ್ತಿಯಾದರೂ ಕಿತ್ತುಬರುತ್ತದೆ, ಪೂರ್ತಿ ಒಣಗಿದ್ದರೆ ಹುರಿ ನಿಲ್ಲುವುದಿಲ್ಲ.

ಕುಂಕುಮವನ್ನು ಅದೇ ಹೊತ್ತಿಗೆ ಇಡಬೇಡಿ, ಒಂದು ರಾತ್ರಿ ಒಣಗಲಿ. ಮರುದಿನ ಅರ್ಧ ಚಮಚ ಕುಂಕುಮಕ್ಕೆ ನಾಲ್ಕೈದು ಹನಿ ನೀರು ಹಾಕಿ ಚಟ್ನಿಗಿಂತ ಗಟ್ಟಿಯಾಗಿ ಕಲಸಿ, ಹೊಸೆದ ಕುತ್ತಿಗೆಗೆ ಮಾತ್ರ ತಗುಲಿಸಿ. ಅಲ್ಲಿ ಹುರಿ ಬಿಗಿಯಾಗಿರುವುದರಿಂದ ಬಣ್ಣ ಓಡುವುದಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಕಡಿಮೆ ಹರಡುತ್ತದೆ. ರಾಸಾಯನಿಕ ಬಣ್ಣದ ಕುಂಕುಮ ನೀರು ಕಂಡ ಕೂಡಲೇ ಓಡುತ್ತದೆ.

ಎಷ್ಟು ಎಳೆ, ಎಷ್ಟು ಗೆಜ್ಜೆ ಎಂಬುದು ಮನೆಮನೆಯ ಪದ್ಧತಿ. ಉಡುಗೊರೆ ಪಡೆಯುವವರ ಮನೆಯಲ್ಲಿ ಕೇಳಿಕೊಂಡೇ ಮಾಡುವುದು ಮರ್ಯಾದೆ. ಜರಿ, ಕುಂದಣ, ಕನ್ನಡಿ ಚೂರು ಹಚ್ಚಿದ ಅಲಂಕಾರದ ಹಾರ ಮಾಡುವುದಾದರೆ ಭಾರವನ್ನು ಹತ್ತಿಯ ಮೇಲೆ ಹೊರಿಸಬೇಡಿ. ಹಿಂದೆ ಒಂದು ದಪ್ಪ ದಾರ ಓಡಿಸಿ ಪ್ರತಿ ಕುತ್ತಿಗೆಯಲ್ಲೂ ಹೊಲಿಗೆ ಹಾಕಿ. ಹತ್ತಿ ಬೇಗ ಬೆಂಕಿ ಹಿಡಿಯುವ ವಸ್ತು. ಕೊಡುವಾಗ ದೀಪದ ಸನಿಹ ಇಳಿಬಿಡಬೇಡಿ ಎಂದು ಒಂದು ಮಾತು ಹೇಳಿ.

ಪ್ರಶ್ನೆ: ಬೀಜ ಹುದುಗಿಸಿದ ಮಣ್ಣಿನ ಗಣಪನನ್ನು ಮಕ್ಕಳಿಂದ ಮಾಡಿಸಿದೆವು. ಕೈ, ಸೊಂಡಿಲು ಸೀಳಿದವು. ಚೌತಿಗೆ ಮುಂಚೆಯೇ ಹೊಟ್ಟೆಯಿಂದ ಮೊಳಕೆ ಬಂತು.
– ಮಕ್ಕಳ ಶಿಬಿರದ ಸಂಘಟಕರು, ಶಿವಮೊಗ್ಗ

ಉತ್ತರ: ಮೊಳಕೆಯ ಪರಿಹಾರ ಸುಲಭ. ಹಸಿ ಮಣ್ಣಿಗೆ ಬೀಜ ಕಲಸಿದರೆ ಎರಡು ಮೂರು ದಿನದಲ್ಲಿ ಮೊಳೆಯುವುದು ಬೀಜದ ಧರ್ಮ. ಮೂರ್ತಿಯ ಅಡಿಯಲ್ಲಿ ಹೆಬ್ಬೆರಳು ಹೋಗುವಷ್ಟು ಕುಳಿ ಬಿಟ್ಟು ಒಣಗಿಸಿ. ಹಬ್ಬದ ಹಿಂದಿನ ದಿನ ಹರಿವೆ, ಮೆಂತ್ಯ ಅಥವಾ ತುಳಸಿ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕುಳಿಗಿಟ್ಟು ಮೇಲೊಂದು ಕಾಗದ ಅಂಟಿಸಿ.

ಬಿರುಕಿಗೆ ಕಾರಣ ದಪ್ಪದ ವ್ಯತ್ಯಾಸ. ಒಣಗುವಾಗ ಮಣ್ಣು ಕುಗ್ಗುತ್ತದೆ. 20 ಸೆಂ.ಮೀ. ಗಣಪನ ಹೊಟ್ಟೆ ಗಟ್ಟಿಯಾಗಿ 7 ಸೆಂ.ಮೀ. ದಪ್ಪವಿದ್ದು ಕೈ 1 ಸೆಂ.ಮೀ. ಇದ್ದರೆ, ಕೈ ಎರಡು ದಿನದಲ್ಲಿ ಒಣಗಿ ಕುಗ್ಗುತ್ತದೆ, ಹೊಟ್ಟೆ ಇನ್ನೂ ಹಸಿ. ಹೊಟ್ಟೆ ಕುಗ್ಗುವ ಹೊತ್ತಿಗೆ ಕೈಯ ಬುಡದಲ್ಲಿ ಎಳೆತ ಬಿದ್ದು ಸೀಳುತ್ತದೆ. ಹೊಟ್ಟೆಯನ್ನು ಕೆಳಗಿನಿಂದ ತೋಡಿ ಗೋಡೆಯನ್ನು 2 ಸೆಂ.ಮೀ.ಗೆ ತನ್ನಿ. ಮಣ್ಣಿಗೆ ಸಣ್ಣಗೆ ಕತ್ತರಿಸಿದ ತೆಂಗಿನ ನಾರನ್ನೋ ನೆನೆಸಿ ಹಿಂಡಿದ ಕಾಗದದ ತಿರುಳನ್ನೋ ಹತ್ತು ಹಿಡಿಗೆ ಒಂದು ಹಿಡಿ ಸೇರಿಸಿ ಚೆನ್ನಾಗಿ ಮಿದಿಯಿರಿ. ಕೈ, ಕಿವಿ, ಸೊಂಡಿಲು ಕೂಡಿಸುವಲ್ಲಿ ಎರಡೂ ಕಡೆ ಕಡ್ಡಿಯಿಂದ ಗೀಚಿ, ಮಜ್ಜಿಗೆಯ ಹದದ ಮಣ್ಣಿನ ನೀರು ಹಚ್ಚಿ ಒತ್ತಿ. ಒಣಗಿದ ಹೊಟ್ಟೆಗೆ ಹಸಿ ಕೈ ಅಂಟಿಸಿದರೆ ಎಷ್ಟು ನೀರು ಹಚ್ಚಿದರೂ ಕೂಡದು. ಮೊದಲ ಮೂರು ದಿನ ಕೈ, ಸೊಂಡಿಲಿಗೆ ಒದ್ದೆ ಬಟ್ಟೆ ಸುತ್ತಿಡಿ, ಮೈ ಮೊದಲು ಒಣಗಲಿ. ನೆರಳಲ್ಲಿ, ಫ್ಯಾನಿನ ನೇರ ಗಾಳಿ ತಾಗದಂತೆ ಇರಿಸಬೇಕು. ನಿಮ್ಮ ಕಡೆಯ ಮಳೆಗೆ ಹತ್ತು ದಿನವಾದರೂ ಬೇಕು. ಮಕ್ಕಳ ಶಿಬಿರವನ್ನು ಚೌತಿಗೆ ಎರಡು ವಾರ ಮುಂಚೆ ಇಟ್ಟುಕೊಳ್ಳಿ. ಹಿಂದಿನ ಭಾನುವಾರ ಇಟ್ಟರೆ ಈ ಸಲದ್ದೇ ಮತ್ತೆ ಆಗುತ್ತದೆ.

ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು, ಸುಣ್ಣ ಸಾಕು. ಎಣ್ಣೆ ಬಣ್ಣ ಬಳಿದರೆ ಬಕೆಟ್ಟಿನಲ್ಲಿ ಮಣ್ಣು ಕರಗುವುದಿಲ್ಲ.

ಪ್ರಶ್ನೆ: ಭೂಮಿ ಹುಣ್ಣಿಮೆಗೆ ಹೊಲಕ್ಕೆ ನೈವೇದ್ಯ ಒಯ್ಯುವ ಬೂಮಣ್ಣಿ ಬುಟ್ಟಿಯ ಹಾಗೆ ಸಣ್ಣ ಬುಟ್ಟಿಗಳಿಗೆ ಚಿತ್ತಾರ ಬರೆದು ಗೃಹಪ್ರವೇಶಕ್ಕೆ ಉಡುಗೊರೆ ಕೊಡುತ್ತಿದ್ದೇನೆ. ಬಿಳಿ ಗೆರೆ ಚಕ್ಕೆಯಾಗಿ ಉದುರುತ್ತದೆ.
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಅಕ್ಕಿಹಿಟ್ಟಿನ ಗೆರೆ ಹಸಿಯಿರುವಾಗ ಮಂಕಾಗಿ, ಕಂಡೂ ಕಾಣದಂತೆ ಇರುತ್ತದೆ. ಒಣಗಿದ ಮೇಲೆಯೇ ಬೆಳ್ಳಗಾಗುವುದು. ಹಸಿಯಲ್ಲಿ ಬಿಳಿ ಕಾಣಲಿಲ್ಲವೆಂದು ದಪ್ಪ ಹಚ್ಚುತ್ತೀರಿ, ಆ ದಪ್ಪವೇ ಚಕ್ಕೆ ಏಳುವುದು. ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತನ್ನಿ. ಒಂದು ಗೆರೆ ತೆಳುವಾಗಿ ಎಳೆದು, ಒಣಗಿದ ಮೇಲೆ ಅದರ ಮೇಲೇ ಇನ್ನೊಂದು. ಉಡುಗೊರೆಗೆ ಹೋಗುವ ಬುಟ್ಟಿಯನ್ನು ಹಲವರು ಮುಟ್ಟುವುದರಿಂದ ಒಂದು ಬಟ್ಟಲು ಹಿಟ್ಟಿಗೆ ಅರ್ಧ ಚಮಚ ನೆನೆಸಿದ ಗೋಂದು ಸೇರಿಸಬಹುದು.

ಕೆಳಗಿನ ಪದರವನ್ನೂ ನೋಡಿ. ಬಿದಿರಿನ ಸಂದುಗಳನ್ನು ಸಗಣಿ ಬಳಿದು ಮುಚ್ಚಿ, ಪೂರ್ತಿ ಒಣಗಿಸಿ, ಮೇಲೆ ಸೋಸಿದ ಕೆಮ್ಮಣ್ಣು ಎರಡು ಸಲ. ಅಂಗೈ ಒರೆಸಿದರೆ ಪುಡಿ ಬರುತ್ತಿದ್ದರೆ ಆ ಪುಡಿಯ ಮೇಲೆ ಬರೆದ ಗೆರೆ ಪುಡಿಯೊಂದಿಗೇ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ನಂತರ ಬರೆಯಿರಿ. ಪುಂಡಿ ನಾರಿನ ಕುಂಚವೇ ಇದಕ್ಕೆ ಸರಿ. ಅಂಗಡಿಯ ಮೆತ್ತನೆಯ ಕುಂಚ ಹಿಟ್ಟನ್ನು ಹೆಚ್ಚಾಗಿ ಹೀರಿಕೊಂಡು ಗೆರೆಯ ಆರಂಭದಲ್ಲಿ ಬೊಟ್ಟು ಬೀಳಿಸುತ್ತದೆ.

ಒಂದು ಮಾತು, ಪ್ರೀತಿಯಿಂದ: ಈ ಚಿತ್ತಾರ ನಿಮ್ಮ ಸೀಮೆಯ ದೀವರ ಹೆಣ್ಣುಮಕ್ಕಳ ಕೈಯಲ್ಲಿ ಉಳಿದು ಬಂದದ್ದು. ಉಡುಗೊರೆಯ ಜೊತೆ ಇಡುವ ಚೀಟಿಯಲ್ಲಿ ಬರೀ ಹಳ್ಳಿ ಕಲೆ ಎಂದು ಬರೆಯಬೇಡಿ. ದೀವರ ಚಿತ್ತಾರ ಎಂದೇ ಬರೆಯಿರಿ. ಊರಿನಲ್ಲಿ ಬರೆಯುವ ಹಿರಿಯರಿದ್ದರೆ ಒಂದು ಮಧ್ಯಾಹ್ನ ಅವರ ಪಕ್ಕ ಕುಳಿತು ಗೆರೆಗಳ ಹೆಸರು ಕೇಳಿಕೊಳ್ಳಿ.

ಪ್ರಶ್ನೆ: ಬಣ್ಣ ಬಳಿದ ಹಣತೆ ಮಾರಿದೆ. ಎಣ್ಣೆ ಹಾಕಿದ ಅರ್ಧ ಗಂಟೆಗೆ ಬಣ್ಣ ಗುಳ್ಳೆಯೆದ್ದು, ಕನ್ನಡಿ ಚೂರುಗಳು ಕಳಚಿ ಬಿದ್ದವು ಎಂದು ದೂರು ಬಂತು.
– ಹುಬ್ಬಳ್ಳಿ

ಉತ್ತರ: ಹಣತೆಯ ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಒಳಗೆ ಹಾಕಿದ ಎಣ್ಣೆ ಗೋಡೆಯ ಮೂಲಕ ಹೊರಗೆ ಜಿನುಗಿ ಬಣ್ಣದ ಪೊರೆಯನ್ನು ಹಿಂದಿನಿಂದ ಎತ್ತುತ್ತದೆ. ಅಕ್ರಿಲಿಕ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆಯೇ. ಬಿಸಿ ತಾಗಿದರೆ ಮೆತ್ತಗಾಗುತ್ತದೆ, ಉರಿಗೆ ಸುಡುತ್ತದೆ. ಕನ್ನಡಿಗೆ ಗ್ಲೂ ಗನ್ ಬಳಸಿದ್ದೀರಿ ಅನಿಸುತ್ತದೆ. ಬಿಸಿಗೆ ಕರಗುವ ಅಂಟು ದೀಪದ ಬಿಸಿಗೂ ಕರಗುತ್ತದೆ.

ಹೊಸ ಹಣತೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸುವ ಮನೆಯ ಪದ್ಧತಿ ಎಣ್ಣೆ ಕುಡಿಯುವುದನ್ನು ತಗ್ಗಿಸುತ್ತದೆ. ಆದರೆ ಒದ್ದೆ ಮಣ್ಣಿಗೆ ಬಣ್ಣ ಕೂರದು. ಎರಡೂ ಬೇಕೆಂದರೆ ಹೊಂದುವುದಿಲ್ಲ, ಒಂದನ್ನು ಆರಿಸಿ. ಎಣ್ಣೆ ದೀಪಕ್ಕೆ ಬೋಳು ಹಣತೆ, ಅಂಚಿಗೆ ಕೆಮ್ಮಣ್ಣು ಸುಣ್ಣದ ಚುಕ್ಕಿ. ಬಣ್ಣ, ಕನ್ನಡಿ ಬೇಕೆಂದರೆ ಅಲ್ಯೂಮಿನಿಯಂ ಬಟ್ಟಲಿನ ಟೀಲೈಟ್ ಇಟ್ಟು ಕೊಡಿ. ಅದರ ಅಗಲ ಸುಮಾರು 4 ಸೆಂ.ಮೀ. ಇರುವುದರಿಂದ ತಳ 5 ಸೆಂ.ಮೀ. ಇರುವ ಹಣತೆ ಆರಿಸಿಕೊಳ್ಳಿ. ತೊಳೆದ ಹಣತೆ ಎರಡು ದಿನ ಬಿಸಿಲಲ್ಲಿ ಒಣಗಲಿ. ಹೊರಮೈಗೆ ಮಾತ್ರ ಬಣ್ಣ, ತೆಳುವಾಗಿ ಎರಡು ಸಲ. ಒಳಗೆ ಬೇಡ, ಬಾಯಂಚಿನಿಂದ ಕೆಳಗೆ 1 ಸೆಂ.ಮೀ. ಬೇಡ. ಕನ್ನಡಿ ಇನ್ನೂ ಕೆಳಗೆ, ಫೆವಿಕಾಲ್‌ನಲ್ಲಿ ಅಂಟಿಸಿ ಒಂದು ದಿನ ಬಿಡಿ. ಎಣ್ಣೆ ಹಾಕಬೇಡಿ ಎಂಬ ಚೀಟಿಯನ್ನು ಡಬ್ಬಿಯೊಳಗೆ, ಹಣತೆಯ ಮೇಲೆಯೇ ಇಡಿ.

ಪ್ರಶ್ನೆ: ಸಂಕ್ರಾಂತಿಗೆ 60 ಮನೆಗೆ ಎಳ್ಳು ಬೀರಲು ಬಟ್ಟೆಯ ಚೀಲ ಹೊಲಿದಿದ್ದೆ. ಎಣ್ಣೆ ಕಲೆ ಬಿತ್ತು, ಮೂರನೇ ದಿನಕ್ಕೆ ಬೆಲ್ಲ ಅಂಟಂಟಾಯಿತು. ಸಕ್ಕರೆ ಅಚ್ಚೂ ಮರದ ಅಚ್ಚಿನಿಂದ ಬಿಡಲಿಲ್ಲ.
– ಮೈಸೂರು

ಉತ್ತರ: ಎಳ್ಳು, ಕಡಲೆಕಾಯಿ, ಕೊಬ್ಬರಿ ಮೂರೂ ಎಣ್ಣೆಯವು, ಹತ್ತಿ ಬಟ್ಟೆ ಕಲೆಯಾಗದೆ ಇರದು. ಚೀಲದೊಳಗೆ ಬಟರ್ ಪೇಪರಿನ ಪೊಟ್ಟಣ ಇಡಿ, ಚೀಲ ಹೊರಗಿನ ಅಲಂಕಾರಕ್ಕೆ ಮಾತ್ರ. ಹೊಲಿಯುವಾಗ 14 × 18 ಸೆಂ.ಮೀ. ಇದ್ದರೆ 75 ಗ್ರಾಂ ಎಳ್ಳು, ಎರಡು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು ಹಿಡಿಸುತ್ತದೆ. ಕಬ್ಬಿಗೆ ಬೇರೆ ಕಾಗದ ಸುತ್ತಲೇಬೇಕು, ಅದರ ತೇವವೇ ಬೆಲ್ಲ ಕರಗಿಸುವುದು.

60 ಮನೆಗೆ 75 ಗ್ರಾಂನಂತೆ ನಾಲ್ಕೂವರೆ ಕಿಲೋ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ಸಮಸಮ ಎಂದರೆ ತಲಾ 900 ಗ್ರಾಂ. ಅಚ್ಚುಬೆಲ್ಲವನ್ನು ಚೂರು ಮಾಡಿ ಎರಡು ಮೂರು ದಿನ ಬಿಸಿಲಿಗಿಡಿ, ಚೂರು ಒಂದಕ್ಕೊಂದು ತಾಗಿದರೆ ಕಲ್ಲಿನಂತೆ ಸದ್ದು ಬರಬೇಕು. ಕೊಬ್ಬರಿಯನ್ನೂ ಹಾಗೆಯೇ. ಹುರಿದ ಕಡಲೆಕಾಯಿ, ಎಳ್ಳು ಪೂರ್ತಿ ಆರಿರಬೇಕು. ಬೆಚ್ಚಗಿದ್ದಾಗಲೇ ಬೆರೆಸಿದರೆ ಆ ಹಬೆ ಬೆಲ್ಲಕ್ಕೆ ಹೋಗುತ್ತದೆ. ಐದನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ಹಿಂದಿನ ಸಂಜೆ ಬೆರೆಸಿ.

ಸಕ್ಕರೆ ಅಚ್ಚು ಕಚ್ಚಿಕೊಳ್ಳುವುದು ಮರ ಒಣಗಿದ್ದರೆ. ಅಚ್ಚುಗಳನ್ನು ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿ, ಹುಯ್ಯುವ ಮುನ್ನ ಮೇಲಿನ ನೀರು ಒರೆಸಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಅರ್ಧ ಕಿಲೋ ಸಕ್ಕರೆಗೆ ಒಂದು ಲೋಟ ನೀರು, ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ತೆಗೆಯಿರಿ. ಪಾಕದ ಹನಿ ತಣ್ಣೀರಲ್ಲಿ ಮೆತ್ತನೆ ಉಂಡೆಯಾದಾಗ ಇಳಿಸಿ, ಪಾತ್ರೆಯ ಗೋಡೆಗೆ ಉಜ್ಜುತ್ತಾ ತಿರುವಿ. ತಿಳಿಯಾಗಿದ್ದ ಪಾಕ ಹಾಲಿನಂತೆ ಮಂಕಾದ ಕ್ಷಣವೇ ಹುಯ್ಯಬೇಕು. ಅರ್ಧ ನಿಮಿಷ ತಡವಾದರೆ ಪಾತ್ರೆಯಲ್ಲೇ ಗಟ್ಟಿ, ಬೇಗ ಹುಯ್ದರೆ ಅಚ್ಚಿನಲ್ಲಿ ಜಿಗುಟು. ಒಂದು ಸಲಕ್ಕೆ ಒಂದೆರಡು ಅಚ್ಚಿಗೆ ಆಗುವಷ್ಟನ್ನೇ ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು ತಿರುವಿ.

ಪ್ರಶ್ನೆ: ಬಟ್ಟೆಯ ಬಾಗಿಲ ತೋರಣ ಮಾಡಿ 250 ರೂಪಾಯಿಗೆ ಕೊಡುತ್ತೇನೆ, ಸಾಮಾನಿಗೇ 180 ಆಗುತ್ತದೆ. ಬೆಲೆ ಹೇಗೆ ಹಾಕಲಿ?
– ದಾವಣಗೆರೆ

ಉತ್ತರ: ನಿಮ್ಮ ಕೈಗೆ ಉಳಿಯುತ್ತಿರುವುದು 70 ರೂಪಾಯಿ. ಒಂದು ತೋರಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಇಟ್ಟು ನೋಡಿ. ಮೂರು ಗಂಟೆ ಎಂದಿಟ್ಟುಕೊಳ್ಳಿ, ಗಂಟೆಗೆ 80 ರೂಪಾಯಿ ಹಿಡಿದರೂ 240. ಸಾಮಾನು 180, ಹಾಳಾಗುವುದಕ್ಕೆ ಅದರ ಹತ್ತನೇ ಒಂದು ಪಾಲು 18, ಡಬ್ಬಿಗೆ 20. ಒಟ್ಟು 458. ಇದಕ್ಕಿಂತ ಕಡಿಮೆಗೆ ಕೊಟ್ಟರೆ ನಿಮ್ಮ ದುಡಿಮೆಯನ್ನು ನೀವೇ ಬಿಟ್ಟುಕೊಟ್ಟಂತೆ. ಅಷ್ಟು ಬೆಲೆ ನಡೆಯದಿದ್ದರೆ ದರ ಇಳಿಸಬೇಡಿ, ಕೆಲಸ ಇಳಿಸಿ: ಕೈಹೊಲಿಗೆಯ 21 ಎಲೆಯ ಬದಲು 11, ಕನ್ನಡಿ ನಡುವಿನ ಐದಕ್ಕೆ ಮಾತ್ರ. ಹತ್ತು ತೋರಣದ ಎಲೆಗಳನ್ನು ಒಂದೇ ದಿನ ಕತ್ತರಿಸಿಟ್ಟರೂ ಹೊತ್ತು ಬಹಳ ಉಳಿಯುತ್ತದೆ.

ಪ್ರಶ್ನೆ: ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗೆ ಊರಿನಿಂದ ಗಣಪನ ಮಣ್ಣು, ಬೀಜ ತರಿಸಬಹುದೇ?
– ಮೆಲ್ಬರ್ನ್

ಉತ್ತರ: ಬೇಡ. ಆಸ್ಟ್ರೇಲಿಯದಲ್ಲಿ ಹೊರಗಿನ ಮಣ್ಣು, ಬೀಜದ ಮೇಲೆ ಬಿಗಿ ನಿರ್ಬಂಧವಿದೆ, ಪಾರ್ಸೆಲ್ ತಡೆಹಿಡಿಯುತ್ತಾರೆ. ಅಲ್ಲಿನ ಕುಂಬಾರಿಕೆ ಸಾಮಾನಿನ ಅಂಗಡಿಯ ಮಣ್ಣೇ ಸಾಕು. ಸುಡದೆ ಬಿಟ್ಟರೆ ನೀರಿನಲ್ಲಿ ಕರಗುತ್ತದೆ. ತಾನಾಗಿ ಗಟ್ಟಿಯಾಗುವ ಮಣ್ಣು ಎಂದು ಮಾರುವುದನ್ನು ಕೊಳ್ಳಬೇಡಿ. ಅದರಲ್ಲಿ ಅಂಟು ಬೆರೆಸಿರುವುದುಂಟು, ವಿಸರ್ಜನೆಗೆ ಒದಗದು.

ಪ್ರಶ್ನೆ: ಹಾವೇರಿಯ ಏಲಕ್ಕಿ ಹಾರದ ಹಾಗೆ ಒಂದು ಸಣ್ಣ ಹಾರವನ್ನು ಗುರುಗಳ ಸನ್ಮಾನಕ್ಕೆ ಮಾಡಬೇಕು. ಸೂಜಿ ಚುಚ್ಚಿದರೆ ಕಾಯಿ ಸೀಳುತ್ತದೆ.
– ಗದಗ

ಉತ್ತರ: ಹಾವೇರಿಯಲ್ಲಿ ಅದು ತಲೆಮಾರುಗಳಿಂದ ಕಲಿತ ಕೈ. ಆ ನಯ ಮೊದಲ ಹಾರಕ್ಕೇ ಬರದು, ಆದರೆ ಸೀಳದಂತೆ ಪೋಣಿಸಬಹುದು. ಬಾಯಿ ಬಿಡದ, ಒಂದೇ ಗಾತ್ರದ ದಪ್ಪ ಹಸಿರು ಏಲಕ್ಕಿ ಆರಿಸಿ. ಒಣ ಸಿಪ್ಪೆ ಪೆಡಸು, ಅದಕ್ಕೇ ಸೀಳುವುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಕಟ್ಟಿಟ್ಟರೆ ಮೆದುವಾಗುತ್ತದೆ. ಕಾಯಿಗೆ ಮೂರು ಏಣುಗಳಿವೆ. ಸೂಜಿ ಏಣಿನ ಮೇಲೆ ಬೀಳದೆ ಎರಡು ಏಣುಗಳ ನಡುವಿನ ತಗ್ಗಿನಲ್ಲಿ ಹೋಗಬೇಕು. ತೆಳು ಉದ್ದ ಸೂಜಿ, ಎರಡು ಎಳೆ ಪಾಲಿಯೆಸ್ಟರ್ ದಾರ. ನಾಲ್ಕು ಕಾಯಿಗೊಂದು ಮಣಿ ಅಥವಾ ಜರಿ ಗೊಂಡೆ ಹಾಕಿದರೆ ಕಾಯಿಗಳು ಒಂದರ ಮೇಲೊಂದು ಏರುವುದಿಲ್ಲ.

ಪೋಣಿಸಿದ ಕೂಡಲೇ ಡಬ್ಬಿಗೆ ಹಾಕಬೇಡಿ, ಒಳಗಿನ ತೇವಕ್ಕೆ ಬೂಷ್ಟು ಬರುತ್ತದೆ. ನೆರಳಲ್ಲಿ ನೇತುಹಾಕಿ ಎರಡು ದಿನ ಬಿಡಿ. ಆಮೇಲೆ ಜೊತೆಗೆ ಒಣಗಲು ಇಟ್ಟ ಒಂದು ಬಿಡಿ ಕಾಯಿಯನ್ನು ಬೆರಳಲ್ಲಿ ಅದುಮಿ ನೋಡಿ: ಸಿಪ್ಪೆ ಟಕ್ಕೆಂದು ಒಡೆದರೆ ಹಾರ ಡಬ್ಬಿಗೆ, ಬಗ್ಗಿದರೆ ಇನ್ನೊಂದು ದಿನ.